ಬಿಯರ್ಡೆಡ್ ಡ್ರ್ಯಾಗನ್ ಸಾಕಣೆ

ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯಲ್ಲಿ ವಾಸಿಸುವ ಒಂದು ಹಗಲುಚರಿ ಹಲ್ಲಿ. ಸಾಕುಪ್ರಾಣಿಯಾಗಿ ಲೋಕಪ್ರಸಿದ್ಧವಾಗಿರುವುದು ಪೊಗೋನಾ ವಿಟ್ಟಿಸೆಪ್ಸ್ ಎಂಬ ಪ್ರಭೇದ. ಇದು ಅಗಾಮಿಡೆ ಕುಟುಂಬಕ್ಕೆ ಸೇರಿದೆ. ಕನ್ನಡ ನಾಡಿನ ಬೇಲಿ, ತೋಟಗಳಲ್ಲಿ ಕಾಣುವ ಓತಿಕ್ಯಾತವೂ ಪಶ್ಚಿಮ ಘಟ್ಟದ ಹಾರುವ ಓತಿಯೂ ಇದೇ ಕುಟುಂಬದವು. ಹೆಸರಿನಲ್ಲಿ ಡ್ರ್ಯಾಗನ್ ಎಂದಿದ್ದರೂ ಇದು ಶಾಂತ ಸ್ವಭಾವದ ಪ್ರಾಣಿ. ಕೈಯಲ್ಲಿ ಹಿಡಿದರೆ ಸಾಮಾನ್ಯವಾಗಿ ಕಚ್ಚುವುದಿಲ್ಲ, ಹಗಲಿನಲ್ಲಿ ಎಚ್ಚರವಾಗಿರುತ್ತದೆ ಮತ್ತು ಮನುಷ್ಯರ ಸಾನ್ನಿಧ್ಯಕ್ಕೆ ಬೇಗ ಹೊಂದಿಕೊಳ್ಳುತ್ತದೆ. ಈ ಗುಣಗಳಿಂದಾಗಿ ಇದನ್ನು 'ಮೊದಲ ಬಾರಿಗೆ ಸರೀಸೃಪ ಸಾಕುವವರಿಗೆ ತಕ್ಕದ್ದು' ಎಂದು ಮಾರಾಟಗಾರರು ವರ್ಣಿಸುವುದುಂಟು. ಸ್ವಭಾವದ ಮಟ್ಟಿಗೆ ಈ ಮಾತು ಸರಿ. ಆದರೆ ಬೆಳಕು, ಶಾಖ ಮತ್ತು ಸುಣ್ಣದಂಶದ ವಿಷಯದಲ್ಲಿ ಇದರ ಅಗತ್ಯಗಳು ಸುಲಭದವಲ್ಲ. ಅವನ್ನು ಅರಿಯದೆ ಸಾಕಿದ ಪ್ರಾಣಿಗಳು ತಿಂಗಳುಗಟ್ಟಲೆ ನರಳಿ ಸಾಯುತ್ತವೆ.

ಹೆಸರು ಮತ್ತು ಮೂಲನೆಲೆ

ಗ್ರೀಕ್ ಭಾಷೆಯಲ್ಲಿ 'ಪೋಗೋನ್' ಎಂದರೆ ಗಡ್ಡ. ಗಂಟಲಿನ ಕೆಳಗೆ ಮುಳ್ಳಿನಂತಹ ಹುರುಪೆಗಳುಳ್ಳ ಚರ್ಮದ ಮಡಿಕೆಯಿದ್ದು, ಬೆದರಿದಾಗ ಅಥವಾ ಎದುರಾಳಿಯನ್ನು ಬೆದರಿಸುವಾಗ ಪ್ರಾಣಿಯು ಅದನ್ನು ಉಬ್ಬಿಸಿ ಕಪ್ಪಾಗಿಸುತ್ತದೆ. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಎರ್ನ್ಸ್ಟ್ ಆಹ್ಲ್ ಈ ಪ್ರಭೇದವನ್ನು 1926ರಲ್ಲಿ ಆಂಫಿಬೊಲ್ಯೂರಸ್ ಎಂಬ ಜಾತಿಕುಲದಡಿಯಲ್ಲಿ ವಿವರಿಸಿದನು. ಪೊಗೋನಾ ಎಂಬ ಪ್ರತ್ಯೇಕ ಜಾತಿಕುಲವನ್ನು ಗ್ಲೆನ್ ಸ್ಟಾರ್ 1982ರಲ್ಲಿ ರಚಿಸಿದನು. ಇದರ ಕರುಳಿನಲ್ಲಿ ಸಾಮಾನ್ಯವಾಗಿ ಕಂಡುಬರುವ ಏಕಕೋಶ ಪರಾವಲಂಬಿಯ ಹೆಸರು ಇಂದಿಗೂ ಐಸೋಸ್ಪೋರಾ ಆಂಫಿಬೊಲ್ಯೂರಿ ಎಂದೇ ಇದೆ. ಹಲ್ಲಿಯ ಹೆಸರು ಬದಲಾದರೂ ಅದರ ಪರಾವಲಂಬಿ ಹಳೆಯ ಹೆಸರನ್ನೇ ಉಳಿಸಿಕೊಂಡಿದೆ.

ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್‌ಗಳ ಒಳಭಾಗ, ವಿಕ್ಟೋರಿಯಾದ ವಾಯವ್ಯ ಭಾಗ, ದಕ್ಷಿಣ ಆಸ್ಟ್ರೇಲಿಯಾದ ಪೂರ್ವ ಭಾಗ ಮತ್ತು ಉತ್ತರ ಪ್ರಾಂತ್ಯದ ಆಗ್ನೇಯ ಭಾಗಗಳಲ್ಲಿ ಇದು ವ್ಯಾಪಿಸಿದೆ. ಕುರುಚಲು ಕಾಡು, ಬಯಲು ಮತ್ತು ಮರಳುಗಾಡಿನ ಅಂಚು ಇದರ ನೆಲೆಗಳು. ಬೆಳಿಗ್ಗೆ ಬೇಲಿಗೂಟ, ಒಣಗಿದ ಕೊಂಬೆ ಅಥವಾ ಬಂಡೆಯ ಮೇಲೇರಿ ಬಿಸಿಲು ಕಾಯುತ್ತದೆ. ನಡುಹಗಲಿನ ಬೇಗೆ ಏರಿದಾಗ ನೆರಳಿಗೋ ಬಿಲಕ್ಕೋ ಸರಿಯುತ್ತದೆ. ಚಳಿಗಾಲದಲ್ಲಿ ವಾರಗಟ್ಟಲೆ ಚಟುವಟಿಕೆ ನಿಲ್ಲಿಸಿ ಮಲಗುತ್ತದೆ. ಬಿಸಿಯ ಜಾಗ, ತಂಪಿನ ಜಾಗ, ಪ್ರಖರ ಬೆಳಕು ಮತ್ತು ಮರೆ ಈ ನಾಲ್ಕರ ನಡುವೆ ದಿನವಿಡೀ ತಿರುಗಾಡುವ ಬದುಕು ಇದರದು. ಗಾಜಿನ ಪೆಟ್ಟಿಗೆಯೊಳಗೆ ಇದನ್ನು ಸಾಕುವವನು ಈ ತಿರುಗಾಟವನ್ನು ಕೆಲವೇ ಅಡಿಗಳ ಜಾಗದಲ್ಲಿ ಸಾಧ್ಯವಾಗಿಸಬೇಕಾಗುತ್ತದೆ.

ಬೆಳೆದ ಪ್ರಾಣಿ ಬಾಲವೂ ಸೇರಿ 45ರಿಂದ 60 ಸೆಂ.ಮೀ. ಉದ್ದವಿರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಸರಿಯಾದ ಪೋಷಣೆಯಲ್ಲಿ 8ರಿಂದ 12 ವರ್ಷ ಬದುಕುತ್ತದೆ. ಅಂಗೈಯಗಲದ ಮರಿಯನ್ನು ಕೊಳ್ಳುವವರು ಸಾಮಾನ್ಯವಾಗಿ ಈ ಎರಡು ಲೆಕ್ಕಗಳನ್ನು ಮರೆಯುತ್ತಾರೆ.

ಸಾಕುಪ್ರಾಣಿಯಾದ ಬಗೆ

ಆಸ್ಟ್ರೇಲಿಯಾ ತನ್ನ ವನ್ಯಜೀವಿಗಳ ವಾಣಿಜ್ಯ ರಫ್ತನ್ನು 1960ರ ದಶಕದಿಂದಲೇ ತಡೆದಿದೆ. ಈಗ ಅಲ್ಲಿ ಜಾರಿಯಲ್ಲಿರುವ 1999ರ ಪರಿಸರ ರಕ್ಷಣಾ ಕಾಯಿದೆಯಡಿಯಲ್ಲಿಯೂ ದೇಶೀಯ ಸರೀಸೃಪಗಳನ್ನು ಜೀವಂತವಾಗಿ ವ್ಯಾಪಾರಕ್ಕೆ ಹೊರಗೆ ಕಳುಹಿಸುವಂತಿಲ್ಲ. ಹಾಗಾದರೆ ಯೂರೋಪ್ ಮತ್ತು ಅಮೆರಿಕದ ಮನೆಗಳಲ್ಲಿರುವ ಇಷ್ಟೊಂದು ಬಿಯರ್ಡೆಡ್ ಡ್ರ್ಯಾಗನ್‌ಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಏಳುತ್ತದೆ. ನಿಷೇಧದ ನಂತರದ ದಶಕಗಳಲ್ಲಿ ಕಳ್ಳಸಾಗಣೆಯಾದ ಕೆಲವೇ ಪ್ರಾಣಿಗಳ ಸಂತತಿಯೇ ಇವು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. 1990ರ ದಶಕದಲ್ಲಿ ಇವು ಅಮೆರಿಕದ ಸಾಕುಪ್ರಾಣಿ ಮಾರುಕಟ್ಟೆಯಲ್ಲಿ ಹರಡಿದವು. ಸೆರೆಯಲ್ಲಿ ಸುಲಭವಾಗಿ ಮರಿಮಾಡುವುದರಿಂದ ಇಂದು ಮಾರಾಟವಾಗುವವು ಹೆಚ್ಚುಕಡಿಮೆ ಎಲ್ಲವೂ ಸಾಕಣೆಯಲ್ಲೇ ಹುಟ್ಟಿದವು. ಆಸ್ಟ್ರೇಲಿಯಾದೊಳಗೆ ಇವನ್ನು ಸಾಕಲು ರಾಜ್ಯಗಳ ಪರವಾನಗಿ ವ್ಯವಸ್ಥೆಯಿದೆ. ಉದಾಹರಣೆಗೆ ನ್ಯೂ ಸೌತ್ ವೇಲ್ಸ್‌ನಲ್ಲಿ ಸರೀಸೃಪ ಪಾಲಕರ ಪರವಾನಗಿ ಪಡೆಯಬೇಕು.

ಆಯ್ಕೆಯ ತಳಿವರ್ಧನೆಯಿಂದ ಕೆಂಪು, ಹಳದಿ, ಕಿತ್ತಳೆ ಮತ್ತು ಬಿಳುಪು ಬಣ್ಣದ ತಳಿಗಳು ಹುಟ್ಟಿವೆ. ಇವು ಕಣ್ಣಿಗೆ ಹಬ್ಬವೇ. ಆದರೆ ಹುರುಪೆಗೆ ಸಂಬಂಧಿಸಿದ ತಳಿಗಳ ಮಾತು ಬೇರೆ. 'ಲೆದರ್‌ಬ್ಯಾಕ್' ಎಂಬ ತಳಿಯಲ್ಲಿ ಬೆನ್ನಿನ ಹುರುಪೆಗಳು ಚಿಕ್ಕದಾಗಿರುತ್ತವೆ. ಅಂತಹ ಎರಡನ್ನು ಕೂಡಿಸಿದಾಗ ಸರಾಸರಿ ನಾಲ್ಕರಲ್ಲಿ ಒಂದು ಮರಿ ಹುರುಪೆಯೇ ಇಲ್ಲದ 'ಸಿಲ್ಕ್‌ಬ್ಯಾಕ್' ಆಗಿ ಹುಟ್ಟುತ್ತದೆ. ಇದಕ್ಕೆ ಇಡಿಎ ಎಂಬ ಜೀನಿನಲ್ಲಿನ ಬದಲಾವಣೆ ಕಾರಣವೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹುರುಪೆ, ಗರಿ, ಕೂದಲು ಮೂರಕ್ಕೂ ಭ್ರೂಣದಲ್ಲಿ ಸಮಾನ ಮೂಲವಿದೆ ಎಂಬ ನಿರ್ಣಯಕ್ಕೆ ಇದೇ ಪ್ರಾಣಿ ನೆರವಾಯಿತು. ವಿಜ್ಞಾನಕ್ಕೆ ಉಪಕಾರಿಯಾದ ಈ ತಳಿಗೆ ಬದುಕು ಮಾತ್ರ ಕಷ್ಟಕರ. ಚರ್ಮ ಒಣಗಿ ಬಿರಿಯುತ್ತದೆ, ದೀಪದ ಶಾಖಕ್ಕೆ ಸುಡುತ್ತದೆ, ಸಣ್ಣ ಗೀರಿಗೂ ಹರಿಯುತ್ತದೆ. ಇದನ್ನು ಕೊಳ್ಳದಿರುವುದೇ ಒಳ್ಳೆಯದೆಂದು ಅನೇಕ ಪಶುವೈದ್ಯರು ಮತ್ತು ಅನುಭವಿ ಸಾಕಣೆದಾರರು ಅಭಿಪ್ರಾಯಪಡುತ್ತಾರೆ.

ಗೂಡು, ಶಾಖ ಮತ್ತು ಬೆಳಕು

ಬೆಳೆದ ಒಂದು ಪ್ರಾಣಿಗೆ ಕನಿಷ್ಠ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ ಮತ್ತು 60 ಸೆಂ.ಮೀ. ಎತ್ತರದ ಗೂಡು ಬೇಕು. ಇದಕ್ಕಿಂತ ದೊಡ್ಡದಾದಷ್ಟೂ ಒಳ್ಳೆಯದು. ಮೀನಿನ ತೊಟ್ಟಿಯಂತಹ ಚಿಕ್ಕ ಪೆಟ್ಟಿಗೆ ಸಾಲದು. ಏಕೆಂದರೆ ಅದರಲ್ಲಿ ಒಂದು ತುದಿ ಬಿಸಿಯಾದರೆ ಇನ್ನೊಂದು ತುದಿಯೂ ಬಿಸಿಯಾಗುತ್ತದೆ. ಈ ಹಲ್ಲಿ ತನ್ನ ದೇಹದ ಶಾಖವನ್ನು ಒಳಗೆ ಉತ್ಪಾದಿಸಿಕೊಳ್ಳದೆ, ಸ್ಥಳ ಬದಲಾಯಿಸುವ ಮೂಲಕ ಹೊಂದಿಸಿಕೊಳ್ಳುತ್ತದೆ. ಹೋಗಲು ತಂಪಾದ ಜಾಗವೇ ಇಲ್ಲದಿದ್ದರೆ ಅದು ಬೇಯುತ್ತದೆ. ಬಿಸಿಯ ಜಾಗವಿಲ್ಲದಿದ್ದರೆ ತಿಂದದ್ದು ಜೀರ್ಣವಾಗದೆ ಹೊಟ್ಟೆಯಲ್ಲೇ ಉಳಿಯುತ್ತದೆ.

ಗೂಡಿನ ಒಂದು ತುದಿಯಲ್ಲಿ ಮೇಲಿನಿಂದ ಶಾಖ ಬೀರುವ ದೀಪವನ್ನು ಅಳವಡಿಸಿ, ಅದರ ಕೆಳಗೆ ಕಲ್ಲು ಅಥವಾ ದಪ್ಪ ಕೊಂಬೆಯನ್ನಿಡಬೇಕು. ಆ ಮೇಲ್ಮೈಯ ಉಷ್ಣತೆ ಸುಮಾರು 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಬೇಕು. ತಂಪಿನ ತುದಿಯಲ್ಲಿ 22ರಿಂದ 26 ಡಿಗ್ರಿ ಸಾಕು. ರಾತ್ರಿ ದೀಪಗಳನ್ನೆಲ್ಲ ಆರಿಸಬೇಕು. ಉಷ್ಣತೆ 18 ಡಿಗ್ರಿಯವರೆಗೆ ಇಳಿದರೂ ಆರೋಗ್ಯವಂತ ಪ್ರಾಣಿಗೆ ಬಾಧೆಯಿಲ್ಲ. ಹಿಂದೆ ರೂಢಿಯಲ್ಲಿದ್ದ ಕೆಂಪು ರಾತ್ರಿದೀಪ ನಿದ್ರೆಗೆ ಅಡ್ಡಿಯೆಂದು ಈಗ ಕೈಬಿಡಲಾಗಿದೆ. ವಿದ್ಯುತ್ತಿನಿಂದ ಕಾಯುವ ಕೃತಕ ಬಂಡೆಗಳನ್ನೂ ಬಳಸಬಾರದು. ಹೊಟ್ಟೆಯ ಅಡಿಯಿಂದ ಬರುವ ಅತಿಶಾಖವನ್ನು ಈ ಹಲ್ಲಿಗಳು ಸಕಾಲದಲ್ಲಿ ಗ್ರಹಿಸದೆ ಸುಟ್ಟುಕೊಂಡ ಪ್ರಸಂಗಗಳು ಅನೇಕ. ಉಷ್ಣತೆಯನ್ನು ಕೈಯಿಂದ ಮುಟ್ಟಿ ಅಂದಾಜಿಸದೆ ಮಾಪಕದಿಂದ ಅಳೆಯಬೇಕು.

ಶಾಖದೀಪವಿದ್ದರೆ ಬೆಳಕಿನ ಅಗತ್ಯ ತೀರಿತೆಂದು ಭಾವಿಸುವುದು ಹೊಸ ಸಾಕಣೆದಾರರಲ್ಲಿ ಬಹು ಸಾಮಾನ್ಯ. ಇದಕ್ಕೆ ಶಾಖದ ಜೊತೆಗೆ ನೇರಳಾತೀತ ಕಿರಣಗಳ ಬಿ ಭಾಗ, ಅಂದರೆ ಯುವಿಬಿ, ಅತ್ಯಗತ್ಯ. ಸುಮಾರು 290ರಿಂದ 315 ನ್ಯಾನೊಮೀಟರ್ ತರಂಗಾಂತರದ ಈ ಕಿರಣಗಳು ಚರ್ಮದಲ್ಲಿರುವ 7-ಡೀಹೈಡ್ರೊಕೊಲೆಸ್ಟರಾಲ್ ಎಂಬ ವಸ್ತುವನ್ನು ಮೊದಲು ಪೂರ್ವ-ಜೀವಸತ್ವವಾಗಿ ಬದಲಾಯಿಸುತ್ತವೆ. ಅನಂತರ ದೇಹದ ಶಾಖದಿಂದ ಅದು ಡಿ3 ಜೀವಸತ್ವವಾಗುತ್ತದೆ. ಕಿರಣ ಮತ್ತು ಶಾಖ ಎರಡೂ ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿನಲ್ಲಿ ದೊರೆಯಬೇಕೆಂಬುದಕ್ಕೆ ಇದೇ ಕಾರಣ. ಡಿ3 ಇಲ್ಲದೆ ಕರುಳು ಆಹಾರದಲ್ಲಿನ ಕ್ಯಾಲ್ಸಿಯಂ ಅನ್ನು ಸಮರ್ಪಕವಾಗಿ ಹೀರಿಕೊಳ್ಳಲಾರದು. ಎಷ್ಟೇ ಸುಣ್ಣದ ಪುಡಿ ತಿನ್ನಿಸಿದರೂ ಅದು ಮಲದೊಂದಿಗೆ ಹೊರಹೋಗುತ್ತದೆ.

ಕೊರತೆಯ ಪರಿಣಾಮ ನಿಧಾನವಾಗಿ ಕಾಣುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅದನ್ನು ಮೂಳೆಗಳಿಂದ ಎಳೆದುಕೊಳ್ಳುತ್ತವೆ. ಹೃದಯ ಮತ್ತು ಸ್ನಾಯುಗಳು ನಡೆಯಬೇಕಾದರೆ ರಕ್ತಕ್ಕೆ ಅದು ಬೇಕೇ ಬೇಕು. ಹೀಗೆ ಎಲುಬು ದಿನದಿನಕ್ಕೆ ಬರಿದಾಗುತ್ತದೆ. ಮೊದಲು ಪ್ರಾಣಿ ಮಂಕಾಗುತ್ತದೆ, ಆಹಾರವನ್ನು ಅಗಿಯಲು ಹಿಂಜರಿಯುತ್ತದೆ. ಬೆರಳುಗಳು ಅದುರುತ್ತವೆ. ಕೆಳದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಕಾಲುಗಳು ಬಾಗುತ್ತವೆ, ಬೆನ್ನು ಅಂಕುಡೊಂಕಾಗುತ್ತದೆ. ಕೊನೆಗೆ ಸುಮ್ಮನೆ ಎತ್ತಿಕೊಂಡರೂ ಮೂಳೆ ಮುರಿಯಬಹುದು. ಇದನ್ನು ಮೂಳೆಯ ಚಯಾಪಚಯ ರೋಗ ಎನ್ನುತ್ತಾರೆ. ಸಾಕಿದ ಬಿಯರ್ಡೆಡ್ ಡ್ರ್ಯಾಗನ್‌ಗಳಲ್ಲಿ ಪಶುವೈದ್ಯರು ಪದೇ ಪದೇ ಕಾಣುವ ರೋಗಗಳಲ್ಲಿ ಇದು ಒಂದು. ಬೇಗ ಗುರುತಿಸಿದರೆ ರೋಗವನ್ನು ತಡೆಯಬಹುದು, ಆದರೆ ಬಾಗಿದ ಮೂಳೆ ನೆಟ್ಟಗಾಗುವುದಿಲ್ಲ.

ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಇದಕ್ಕೆ ಪರಿಹಾರವಲ್ಲ. ಸಾಮಾನ್ಯ ಗಾಜು ಯುವಿಬಿ ಕಿರಣಗಳನ್ನು ಬಹುತೇಕ ಪೂರ್ತಿಯಾಗಿ ತಡೆಯುತ್ತದೆ. ಬೆಳಕೂ ಬಿಸಿಯೂ ಒಳಬಂದರೂ ಬೇಕಾದ ಕಿರಣ ಮಾತ್ರ ಹೊರಗೇ ಉಳಿಯುತ್ತದೆ. ಆದ್ದರಿಂದ ಗೂಡಿನ ಉದ್ದದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆವರಿಸುವ ಟಿ5 ಮಾದರಿಯ ಯುವಿಬಿ ಕೊಳವೆದೀಪವನ್ನು ಬಳಸುವುದು ಈಗಿನ ರೂಢಿ. ದೀಪ ಮತ್ತು ಪ್ರಾಣಿಯ ನಡುವೆ ಗಾಜಾಗಲೀ ಪ್ಲಾಸ್ಟಿಕ್ಕಾಗಲೀ ಇರಬಾರದು. ಒತ್ತಾದ ತಂತಿಬಲೆಯೂ ಕಿರಣಗಳನ್ನು ಗಣನೀಯವಾಗಿ ಕಡಿಮೆ ಮಾಡುತ್ತದೆ. ಇನ್ನೊಂದು ಮೋಸವಿದೆ. ಕೊಳವೆ ಹಳತಾದಂತೆ ಅದರ ಯುವಿಬಿ ಕುಂದುತ್ತದೆ, ಆದರೆ ಕಣ್ಣಿಗೆ ಕಾಣುವ ಬೆಳಕು ಹಾಗೆಯೇ ಇರುತ್ತದೆ. ಹೀಗಾಗಿ ಉರಿಯುತ್ತಿರುವ ದೀಪವನ್ನೂ ತಯಾರಕರು ಸೂಚಿಸಿದ ಅವಧಿಗೆ, ಸಾಮಾನ್ಯವಾಗಿ 6ರಿಂದ 12 ತಿಂಗಳಿಗೊಮ್ಮೆ, ಬದಲಾಯಿಸಬೇಕು. ದಿನಕ್ಕೆ 12ರಿಂದ 14 ಗಂಟೆ ಬೆಳಕು ಕೊಡುವುದು ವಾಡಿಕೆ.

ತೆರೆದ ಬಿಸಿಲು ಯಾವ ದೀಪಕ್ಕಿಂತಲೂ ಉತ್ತಮ. ನೆರಳಿರುವ ಜಾಲರಿಯ ಪಂಜರದಲ್ಲಿ, ಕಾವಲಿದ್ದುಕೊಂಡು, ಬೆಳಗಿನ ಎಳೆಬಿಸಿಲಿಗೆ ಬಿಡಬಹುದು. ಆದರೆ ಗಾಜಿನ ಪೆಟ್ಟಿಗೆಯನ್ನೇ ಬಿಸಿಲಿಗಿಟ್ಟರೆ ಒಳಗಿನ ಗಾಳಿ ನಿಮಿಷಗಳಲ್ಲಿ ಕಾದು ಪ್ರಾಣಿ ಸಾಯುತ್ತದೆ.

ಆಹಾರ

ಬಿಯರ್ಡೆಡ್ ಡ್ರ್ಯಾಗನ್ ಮಿಶ್ರಾಹಾರಿ. ಕಾಡಿನಲ್ಲಿ ಗೆದ್ದಲು, ಇರುವೆ, ಮಿಡತೆ, ಎಲೆ ಮತ್ತು ಹೂವುಗಳನ್ನು ತಿನ್ನುತ್ತದೆ. ಬೆಳೆಯುವ ಮರಿಗಳಿಗೆ ಮುಖ್ಯವಾಗಿ ಕೀಟಗಳು ಬೇಕು. ವಯಸ್ಕ ಪ್ರಾಣಿಗೆ ಸೊಪ್ಪು ತರಕಾರಿಯೇ ಹೆಚ್ಚಿನ ಭಾಗವಾಗಿರಬೇಕು. ಮರಿಯ ಆಹಾರವನ್ನೇ ಮುಂದುವರಿಸಿದರೆ ವಯಸ್ಕ ಪ್ರಾಣಿಗೆ ಬೊಜ್ಜು ಬಂದು ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಕೊಡುವ ಕೀಟ ಪ್ರಾಣಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು ಎಂಬುದು ಬಳಕೆಯಲ್ಲಿರುವ ಅಳತೆ.

ಸಾಕಿದ ಕ್ರಿಕೆಟ್ ಕೀಟ, ಡುಬಿಯಾ ಜಿರಳೆ, ಕಪ್ಪು ಸೈನಿಕ ನೊಣದ ಮರಿಹುಳು ಇವು ಸಾಮಾನ್ಯ ಆಹಾರ. ಕೊನೆಯದರಲ್ಲಿ ಕ್ಯಾಲ್ಸಿಯಂ ಸಹಜವಾಗಿಯೇ ಹೆಚ್ಚು. ಉಳಿದ ಬಹುತೇಕ ಕೀಟಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹೆಚ್ಚಿರುವುದರಿಂದ ಕೊಡುವ ಮುನ್ನ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಬೇಕು. ರೇಷ್ಮೆ ಹುಳು ಮೃದುವಾದ, ಕೊಬ್ಬು ಕಡಿಮೆಯಿರುವ ಒಳ್ಳೆಯ ಆಹಾರ. ಪಾಶ್ಚಾತ್ಯ ದೇಶಗಳಲ್ಲಿ ದುಬಾರಿಯಾದ ಇದು ಕರ್ನಾಟಕದ ರೇಷ್ಮೆ ಸೀಮೆಯಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಸಾಕಣೆ ಮನೆಗಳಲ್ಲಿ ಹುಳುಗಳ ಮೇಲೆ ಸುಣ್ಣ ಮತ್ತು ಸೋಂಕುನಿವಾರಕ ಪುಡಿ ಎರಚುವ ಪದ್ಧತಿ ಇರುವುದರಿಂದ ವಿಚಾರಿಸಿಯೇ ತರಬೇಕು. ಹೊಲಗದ್ದೆಯಲ್ಲಿ ಹಿಡಿದ ಮಿಡತೆಗಳಲ್ಲಿ ಕೀಟನಾಶಕದ ಅಂಶವಿರುವ ಸಾಧ್ಯತೆಯಿದೆ.

ಮಿಂಚುಹುಳುವನ್ನು ಎಂದಿಗೂ ಕೊಡಬಾರದು. ಅಮೆರಿಕದ ಫೋಟಿನಸ್ ಕುಲದ ಮಿಂಚುಹುಳುಗಳಲ್ಲಿ ಲ್ಯೂಸಿಬ್ಯುಫಾಜಿನ್ ಎಂಬ ಹೃದಯಘಾತಕ ವಿಷವಿದೆ. ಒಂದೇ ಒಂದು ಹುಳು ನುಂಗಿ ಬಿಯರ್ಡೆಡ್ ಡ್ರ್ಯಾಗನ್ ಸತ್ತದ್ದು ದಾಖಲಾಗಿದೆ. ಆಸ್ಟ್ರೇಲಿಯಾದ ಒಣನಾಡಿನಲ್ಲಿ ಇಂತಹ ಹುಳುಗಳನ್ನು ಕಂಡರಿಯದ ಕಾರಣ ಇದಕ್ಕೆ ಅವನ್ನು ತಿರಸ್ಕರಿಸುವ ಬುದ್ಧಿ ಬೆಳೆದಿಲ್ಲವೆಂದು ಊಹಿಸಲಾಗಿದೆ. ಮಲೆನಾಡಿನಲ್ಲಿ ಮುಂಗಾರಿಗೆ ಮೊದಲು ಮನೆಯೊಳಗೂ ಬರುವ ಮಿಂಚುಹುಳುಗಳ ಬಗ್ಗೆಯೂ ಇದೇ ಎಚ್ಚರಿಕೆ ಕ್ಷೇಮ. ಬೆಣ್ಣೆ ಹಣ್ಣು ಕೂಡ ವಿಷಕಾರಿ.

ಸೊಪ್ಪುಗಳಲ್ಲಿ ಸಾಸಿವೆ ಸೊಪ್ಪು, ನುಗ್ಗೆ ಸೊಪ್ಪು ಮತ್ತು ಹಿಪ್ಪುನೇರಳೆಯ ಎಳೆ ಎಲೆಗಳನ್ನು ಕೊಡಬಹುದು. ಸಿಹಿಗುಂಬಳದ ತುರಿ ಮತ್ತು ದಾಸವಾಳದ ಹೂವನ್ನು ಇವು ಇಷ್ಟಪಟ್ಟು ತಿನ್ನುತ್ತವೆ. ಪಾಲಕ್, ಬಸಳೆ, ಹರಿವೆಗಳಲ್ಲಿ ಆಕ್ಸಲೇಟ್ ಹೆಚ್ಚಿದ್ದು ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಅಪರೂಪಕ್ಕೊಮ್ಮೆ ತಿಂದರೆ ಹಾನಿಯಿಲ್ಲ, ನಿತ್ಯದ ಆಹಾರವಾಗಬಾರದು. ಹಣ್ಣು ಬಹಳ ಕಡಿಮೆ ಇರಲಿ. ಈ ಹಲ್ಲಿಯ ಬಹುಪಾಲು ಹಲ್ಲುಗಳು ದವಡೆಯ ಅಂಚಿಗೆ ಬೆಸೆದುಕೊಂಡಿದ್ದು, ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಸಿಹಿಯಾದ ಮೆತ್ತನೆಯ ಆಹಾರ ವಸಡಿನ ರೋಗಕ್ಕೆ ದಾರಿ.

ವರ್ತನೆ

ತಲೆಯನ್ನು ಮೇಲೆ ಕೆಳಗೆ ಜೋರಾಗಿ ಆಡಿಸುವುದು ಗಂಡಿನ ಅಧಿಕಾರಸೂಚಕ. ಮುಂಗಾಲೊಂದನ್ನು ಎತ್ತಿ ನಿಧಾನವಾಗಿ ವೃತ್ತಾಕಾರದಲ್ಲಿ ಬೀಸುವುದು ಶರಣಾಗತಿಯ ಸೂಚನೆ. ಇದನ್ನು ಯಜಮಾನನಿಗೆ 'ಟಾಟಾ' ಹೇಳುತ್ತಿದೆಯೆಂದು ವಿಡಿಯೊಗಳಲ್ಲಿ ತೋರಿಸುವುದುಂಟು. ಎರಡು ಪ್ರಾಣಿಗಳು ಒಂದರ ಮೇಲೊಂದು ಮಲಗಿ ಬಿಸಿಲು ಕಾಯುವುದನ್ನೂ ಹಾಗೆಯೇ ಪ್ರೀತಿಯೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಬಲವಾದದ್ದು ದೀಪದ ಜಾಗವನ್ನು ಆಕ್ರಮಿಸಿ ದುರ್ಬಲವಾದದ್ದನ್ನು ಕೆಳಗೆ ತಳ್ಳಿರುತ್ತದೆ. ಇವು ಒಂಟಿಜೀವಿಗಳು, ಒಂದು ಗೂಡಿನಲ್ಲಿ ಒಂದೇ ಇರಬೇಕು. ಒಟ್ಟಿಗೆ ಬೆಳೆಸಿದ ಮರಿಗಳು ಪರಸ್ಪರರ ಬೆರಳು ಮತ್ತು ಬಾಲದ ತುದಿಯನ್ನು ಕಚ್ಚಿ ತುಂಡರಿಸುತ್ತವೆ. ಮನೆಹಲ್ಲಿಯ ಬಾಲದಂತೆ ಇದರ ಬಾಲ ಮತ್ತೆ ಬೆಳೆಯುವುದಿಲ್ಲ.

ದೇಹದ ಬಣ್ಣ ಬೆಳಿಗ್ಗೆ ಗಾಢವಾಗಿದ್ದು ಬಿಸಿಯೇರಿದಂತೆ ತಿಳಿಯಾಗುತ್ತದೆ. ಗಾಢ ಬಣ್ಣ ಶಾಖವನ್ನು ಬೇಗ ಹೀರುತ್ತದೆ. ಬಾಯಿ ತೆರೆದು ಕೂರುವುದು ಅತಿಶಾಖವನ್ನು ಹೊರಹಾಕುವ ಕ್ರಮ. ನೆತ್ತಿಯ ಮೇಲೆ ಬೆಳಕನ್ನು ಮಾತ್ರ ಗ್ರಹಿಸುವ ಮೂರನೆಯ ಕಣ್ಣಿದೆ. ಮೇಲಿನಿಂದ ಕೈ ಚಾಚಿದರೆ ಹದ್ದಿನ ನೆರಳೆಂದು ಬೆದರುವುದಕ್ಕೆ ಇದೂ ಒಂದು ಕಾರಣವಿರಬಹುದು. ಪಕ್ಕದಿಂದ ಕೈ ತಂದು, ಎದೆ ಮತ್ತು ಹಿಂಗಾಲುಗಳಿಗೆ ಆಸರೆ ಕೊಟ್ಟು ಎತ್ತಬೇಕು.

ಸರೀಸೃಪಗಳಿಗೆ ಬುದ್ಧಿ ಕಡಿಮೆಯೆಂಬ ಭಾವನೆಯನ್ನು ಈ ಪ್ರಾಣಿ ಪ್ರಶ್ನಿಸಿದೆ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ಭಾಗವಹಿಸಿದ ಪ್ರಯೋಗವೊಂದರಲ್ಲಿ, ಬಾಗಿಲು ಸರಿಸುವುದನ್ನು ಕಲಿತ ಒಂದು ಹಲ್ಲಿಯನ್ನು ನೋಡಿ ಇತರ ಹಲ್ಲಿಗಳು ಅನುಕರಿಸಿದವು. 2016ರಲ್ಲಿ ಫ್ರಾಂಕ್‌ಫರ್ಟ್‌ನ ಮ್ಯಾಕ್ಸ್ ಪ್ಲ್ಯಾಂಕ್ ಮಿದುಳು ಸಂಶೋಧನಾ ಸಂಸ್ಥೆಯ ಗಿಲ್ಸ್ ಲೋರಾಂ ಮತ್ತು ಸಂಗಡಿಗರು, ಸಸ್ತನಿ ಮತ್ತು ಪಕ್ಷಿಗಳಲ್ಲಷ್ಟೇ ಇದೆಯೆಂದು ತಿಳಿದಿದ್ದ ನಿದ್ರೆಯ ಎರಡು ಹಂತಗಳನ್ನು ಇದರ ಮಿದುಳಿನಲ್ಲಿ ಗುರುತಿಸಿದರು.

ಮೊಟ್ಟೆ ಮತ್ತು ಲಿಂಗನಿರ್ಧಾರ

ಹೆಣ್ಣು ಒಂದು ಸಲಕ್ಕೆ ಸಾಮಾನ್ಯವಾಗಿ 15ರಿಂದ 30 ಮೊಟ್ಟೆಗಳನ್ನು ಮಣ್ಣಿನಲ್ಲಿ ಹೂಳುತ್ತದೆ. ವೀರ್ಯವನ್ನು ದೇಹದಲ್ಲಿ ಸಂಗ್ರಹಿಸಿಟ್ಟುಕೊಳ್ಳಬಲ್ಲುದಾದ್ದರಿಂದ ಒಂದೇ ಕೂಡುವಿಕೆಯ ಬಳಿಕ ಹಲವು ಬಾರಿ ಫಲವತ್ತಾದ ಮೊಟ್ಟೆಯಿಡಬಹುದು. ಗಂಡಿಲ್ಲದೆಯೂ ಬಂಜೆಮೊಟ್ಟೆ ಇಡುತ್ತದೆ. ಆಗ ಅಗೆಯಲು ಮಣ್ಣು ಸಿಗದಿದ್ದರೆ ಮೊಟ್ಟೆ ಒಳಗೇ ಸಿಲುಕಿ ಜೀವಕ್ಕೆ ಅಪಾಯವಾಗುತ್ತದೆ.

ಇದರಲ್ಲಿ ಗಂಡಿಗೆ ಝಡ್‌ಝಡ್, ಹೆಣ್ಣಿಗೆ ಝಡ್‌ಡಬ್ಲ್ಯು ವರ್ಣತಂತುಗಳಿವೆ. ಆದರೆ ಮೊಟ್ಟೆಗಳು 32 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಬೆಳೆದರೆ ಝಡ್‌ಝಡ್ ಭ್ರೂಣಗಳೂ ಹೆಣ್ಣಾಗತೊಡಗುತ್ತವೆ ಎಂಬುದು 2007ರಲ್ಲಿ ಪ್ರಯೋಗದಿಂದ ಪ್ರಕಟವಾಯಿತು. 2015ರಲ್ಲಿ ಕ್ಲೇರ್ ಹೊಲೆಲಿ ಮತ್ತು ಸಂಗಡಿಗರು ಇಂತಹ ಹೆಣ್ಣುಗಳನ್ನು ಕಾಡಿನಲ್ಲಿಯೇ ಪತ್ತೆಹಚ್ಚಿದರು. ಇವನ್ನು ಸಾಮಾನ್ಯ ಗಂಡಿನೊಡನೆ ಕೂಡಿಸಿದಾಗ ಡಬ್ಲ್ಯು ವರ್ಣತಂತು ಒಂದೇ ತಲೆಮಾರಿನಲ್ಲಿ ಮಾಯವಾಯಿತು. ಆ ಮರಿಗಳ ಲಿಂಗವನ್ನು ನಿರ್ಧರಿಸಿದ್ದು ಕಾವಿನ ಉಷ್ಣತೆ ಮಾತ್ರ. ಭೂಮಿ ಬಿಸಿಯಾಗುತ್ತಿರುವ ಕಾಲದಲ್ಲಿ ಈ ಫಲಿತಾಂಶ ಸಾಕಣೆಯ ಆಚೆಗೂ ಗಮನ ಸೆಳೆದಿದೆ.

ರೋಗಗಳು

ಮೂಳೆರೋಗದ ಹೊರತಾಗಿ ಕರುಳಿನ ಪರಾವಲಂಬಿಗಳು, ಸಡಿಲ ಮರಳು ನುಂಗಿ ಉಂಟಾಗುವ ಕರುಳಿನ ತಡೆ, ನ್ಯಾನಿಝಿಯಾಪ್ಸಿಸ್ ಎಂಬ ಶಿಲೀಂಧ್ರದಿಂದ ಬರುವ ಚರ್ಮರೋಗ ಮತ್ತು ಅಡಿನೋವೈರಸ್ ಸೋಂಕು ಮುಖ್ಯವಾದವು. ಅಡಿನೋವೈರಸ್‌ಗೆ ಔಷಧವಿಲ್ಲ. ಹೊಸದಾಗಿ ತಂದ ಪ್ರಾಣಿಯನ್ನು ಬೇರೆಯಾಗಿರಿಸಿ ಮಲಪರೀಕ್ಷೆ ಮಾಡಿಸುವುದು ಉಚಿತ.

ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಆರೋಗ್ಯವಂತ ಪ್ರಾಣಿಯ ಕರುಳಿನಲ್ಲಿಯೂ ಇರುತ್ತದೆ ಮತ್ತು ಮನುಷ್ಯರಿಗೆ ಹರಡಬಲ್ಲುದು. 2014ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಸಾಲ್ಮೊನೆಲ್ಲಾ ಕಾಥಮ್ ಎಂಬ ಅಪರೂಪದ ಬಗೆಯ ಸೋಂಕು ಸಾಕಿದ ಬಿಯರ್ಡೆಡ್ ಡ್ರ್ಯಾಗನ್‌ಗಳಿಂದ ಹರಡಿದ್ದನ್ನು ವರದಿ ಮಾಡಿತು. ರೋಗಿಗಳಲ್ಲಿ ಚಿಕ್ಕ ಮಕ್ಕಳೇ ಹೆಚ್ಚಿದ್ದರು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಅದರ ತಟ್ಟೆ, ಬಟ್ಟಲುಗಳನ್ನು ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಇದು ತಕ್ಕ ಸಾಕುಪ್ರಾಣಿಯಲ್ಲ.

ಭಾರತದಲ್ಲಿ

ವಿದೇಶಿ ಸರೀಸೃಪಗಳನ್ನು ಭಾರತಕ್ಕೆ ಆಮದು ಮಾಡಿಕೊಳ್ಳಲು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕು. ಸಾಕುಪ್ರಾಣಿ ಅಂಗಡಿಗಳು 2018ರ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯು ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಅನುಬಂಧಗಳಲ್ಲಿರುವ ಪ್ರಭೇದಗಳಿಗೆ ನಾಲ್ಕನೆಯ ಅನುಸೂಚಿಯನ್ನು ಸೇರಿಸಿತು. ಅವುಗಳನ್ನು ಹೊಂದಿರುವವರು 2024ರ ನಿಯಮಗಳಂತೆ 'ಪರಿವೇಶ್' ಜಾಲತಾಣದ ಮೂಲಕ ನೋಂದಾಯಿಸಬೇಕು. ಪಟ್ಟಿಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಕೊಳ್ಳುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಮಾರುವವನಿಂದ ಮೂಲದ ದಾಖಲೆ ಪಡೆಯಬೇಕು. ಇದರ ಬದಲಿಗೆ ನಮ್ಮ ಕಾಡಿನ ಉಡವನ್ನೋ ನಕ್ಷತ್ರ ಆಮೆಯನ್ನೋ ಹಿಡಿದು ಸಾಕುವುದು ಶಿಕ್ಷಾರ್ಹ ಅಪರಾಧ.

ಹವಾಮಾನದ ದೃಷ್ಟಿಯಿಂದ ಉತ್ತರ ಕರ್ನಾಟಕದ ಒಣಬಯಲು ಇದಕ್ಕೆ ಹತ್ತಿರವಾದದ್ದು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದ ತೇವ ಬಹಳ ಹೆಚ್ಚು. ಗೂಡಿನಲ್ಲಿ ಶೇ. 30ರಿಂದ 40ರಷ್ಟು ಆರ್ದ್ರತೆ ತಕ್ಕದ್ದು. ಸದಾ ತೇವವಿದ್ದರೆ ಶ್ವಾಸಕೋಶದ ಸೋಂಕು ತಗಲುತ್ತದೆ. ವಿದ್ಯುತ್ ಹೋದಾಗ ಶಾಖವೂ ನಿಲ್ಲುವುದರಿಂದ ದೀರ್ಘ ಕಡಿತವಿರುವ ದಿನಗಳಲ್ಲಿ ಹೊಟ್ಟೆತುಂಬ ಕೀಟ ತಿನ್ನಿಸಬಾರದು. ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯರು ದೊಡ್ಡ ನಗರಗಳ ಹೊರಗೆ ವಿರಳ. ಪ್ರಾಣಿಯನ್ನು ತರುವ ಮೊದಲೇ ಅಂತಹ ವೈದ್ಯರನ್ನು ಗುರುತಿಸಿಕೊಳ್ಳಬೇಕು.

ಸಾಕಲಾಗದೆ ಹೋದಾಗ ಕೆರೆಯಂಗಳಕ್ಕೋ ತೋಪಿಗೋ ಬಿಟ್ಟುಬರುವುದು ಪರಿಹಾರವಲ್ಲ. ಅದು ಅಲ್ಲಿ ಹಸಿವಿನಿಂದಲೋ ನಾಯಿ ಹದ್ದುಗಳಿಂದಲೋ ಸಾಯಬಹುದು. ಬದುಕಿದರೆ ಅಡಿನೋವೈರಸ್‌ನಂತಹ ಸೋಂಕು ಅದೇ ಕುಟುಂಬದ ನಮ್ಮ ಓತಿಗಳಿಗೆ ದಾಟುವ ಅಪಾಯವಿದೆ. ಬೇರೊಬ್ಬ ಸಾಕಣೆದಾರರಿಗೆ ದಾಖಲೆ ಸಹಿತ ಒಪ್ಪಿಸಬೇಕು, ಇಲ್ಲವೇ ಅರಣ್ಯ ಇಲಾಖೆಯನ್ನೋ ಪ್ರಾಣಿ ರಕ್ಷಣಾ ಕೇಂದ್ರವನ್ನೋ ಸಂಪರ್ಕಿಸಬೇಕು.